ಹಾರ್ಮೋನಿನ ಇನಿಷಿಯಲ್

ಚಿಕ್ಕಬಳ್ಳಾಪುರದಲ್ಲಿ ಕಾಲೇಜು ವಿದ್ಯಾರ್ಥಿಗಳು, ಆಶಾ ಕಾರ್ಯಕರ್ತೆಯರು ಮತ್ತು ಸುತ್ತಲ ಹಳ್ಳಿಗಳಿಂದ ಬಂದವರ ಮುಂದೆ ಆಡಿದ ಮಾತು ಇದು. ಟಿಪ್ಪಣಿ ನೋಡಿಕೊಂಡು ಬರಹಕ್ಕೆ ಇಳಿಸಿದ್ದೇನೆ.

ಇಲ್ಲಿ ಕೂತವರಲ್ಲಿ ಎಷ್ಟು ಜನರ ಹೆಸರಿಗೆ ಇನಿಷಿಯಲ್ ಇದೆ? ಕೈ ಎತ್ತಿ ನೋಡೋಣ. ಹೆಚ್ಚುಕಡಿಮೆ ಎಲ್ಲರದೂ ಇದೆ. ನಮ್ಮ ಕಡೆ ಮೊದಲ ಅಕ್ಷರ ಎಷ್ಟೋ ಸಲ ಊರಿನದು, ಎರಡನೆಯದು ಅಪ್ಪನದು. ಈ ಊರಿನ ಪಕ್ಕದ ಮುದ್ದೇನಹಳ್ಳಿಯಲ್ಲಿ 1861ರಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರನ್ನು ನಾವು ಸರ್ ಎಂ.ವಿ. ಅನ್ನುತ್ತೇವೆ. ಆ ‘ಎಂ’ ಮುದ್ದೇನಹಳ್ಳಿಯದು ಅಂತ ಬಹಳ ಜನ ತಿಳಿದಿದ್ದಾರೆ. ಅದು ಮೋಕ್ಷಗುಂಡಂ. ಆಂಧ್ರದಲ್ಲಿರುವ ಅವರ ಹಿರಿಯರ ಊರು. ವಿಜ್ಞಾನಿ ಸಿ.ಎನ್.ಆರ್. ರಾವ್ ಅವರ ‘ಸಿ’ ಅಂದರೆ ಚಿಂತಾಮಣಿ. ನಮ್ಮ ಜಿಲ್ಲೆಯ ತಾಲ್ಲೂಕಿನ ಹೆಸರೇ. ಆದರೆ ಅವರು 1934ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ. ಇನಿಷಿಯಲ್ ಸುಳ್ಳು ಹೇಳುವುದಿಲ್ಲ. ಆದರೆ ಅದು ಹೇಳುವುದು ಹಳೆಯ ಸಂಗತಿ. ಆ ಮನುಷ್ಯ ಈಗ ಎಲ್ಲಿದ್ದಾನೆ, ಏನು ಕೆಲಸ ಮಾಡುತ್ತಾನೆ ಅಂತ ಇನಿಷಿಯಲ್ ನೋಡಿ ಗೊತ್ತಾಗುವುದಿಲ್ಲ.

ಟಿಎಸ್‌ಎಚ್, ಎಫ್‌ಎಸ್‌ಎಚ್, ಎಎಮ್‌ಎಚ್, ಎಚ್‌ಸಿಜಿ. ಇವು ಹಾರ್ಮೋನುಗಳ ಹೆಸರು. ಇವೂ ಇನಿಷಿಯಲ್‌ಗಳೇ. ನಾನು ಇಪ್ಪತ್ತೆಂಟು ವರ್ಷ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡಿದವಳು. ರಿಪೋರ್ಟ್ ಕೈಗೆ ಕೊಟ್ಟಾಗ ಜನ ಮೊದಲು ನೋಡುವುದು ದಪ್ಪಕ್ಷರದಲ್ಲಿ ಬಿದ್ದಿರುವ ನಂಬರನ್ನು. ಆಮೇಲೆ ಅದರ ಎದುರಿಗಿರುವ ಅಕ್ಷರಗಳನ್ನು. ಅಲ್ಲಿಂದ ಹೆದರಿಕೆ ಶುರುವಾಗುತ್ತದೆ. ಆ ಅಕ್ಷರಗಳನ್ನು ಯಾರು ಇಟ್ಟರು, ಯಾಕೆ ಇಟ್ಟರು ಅಂತ ಗೊತ್ತಾದರೆ ಅರ್ಧ ಹೆದರಿಕೆ ಹೋಗುತ್ತದೆ. ಒಂದು ಹಾರ್ಮೋನು ಮೊದಲು ಎಲ್ಲಿ ಸಿಕ್ಕಿತು, ಸಿಕ್ಕಾಗ ಏನು ಮಾಡುತ್ತಿತ್ತು, ಅಷ್ಟನ್ನೇ ಅದರ ಹೆಸರು ಹಿಡಿದಿಟ್ಟಿರುತ್ತದೆ. ಅದಕ್ಕಿಂತ ಜಾಸ್ತಿ ಅರ್ಥವನ್ನು ಹೆಸರಿನ ಮೇಲೆ ಹೇರಿದರೆ ತಪ್ಪಾಗುತ್ತದೆ.

ಮೊದಲು ‘ಹಾರ್ಮೋನು’ ಅನ್ನುವ ಪದವನ್ನೇ ನೋಡೋಣ. 1902ರ ಜನವರಿ, ಲಂಡನ್ನಿನ ಯೂನಿವರ್ಸಿಟಿ ಕಾಲೇಜು. ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್ ಅಂತ ಇಬ್ಬರು. ಬೇಲಿಸ್ ಮದುವೆಯಾಗಿದ್ದು ಸ್ಟಾರ್ಲಿಂಗರ ಅಕ್ಕತಂಗಿಯರಲ್ಲಿ ಒಬ್ಬರನ್ನು. ನಮ್ಮ ಲೆಕ್ಕದಲ್ಲಿ ಇಬ್ಬರೂ ಭಾವ-ಭಾವಮೈದುನ. ಊಟ ಹೊಟ್ಟೆಯಿಂದ ಸಣ್ಣ ಕರುಳಿಗೆ ಇಳಿದ ಕೂಡಲೇ ಮೇದೋಜೀರಕ ಗ್ರಂಥಿ ತನ್ನ ರಸ ಸುರಿಸುತ್ತದೆ. ಊಟ ಬಂದಿದೆ ಅಂತ ಅದಕ್ಕೆ ಹೇಳುವವರು ಯಾರು? ನರ ಹೇಳುತ್ತದೆ ಅಂತ ಆ ಕಾಲದವರು ನಂಬಿದ್ದರು. ಇವರು ಒಂದು ನಾಯಿಯ ಕರುಳಿನ ತುಂಡಿಗೆ ಹೋಗುವ ನರಗಳನ್ನೆಲ್ಲ ಕತ್ತರಿಸಿದರು. ಆಮೇಲೆ ಅದರೊಳಗೆ ಆಮ್ಲ ಹಾಕಿದರು. ರಸ ಬಂದೇ ಬಂತು. ಕರುಳಿನ ಒಳಪೊರೆಯನ್ನು ಕೆರೆದು, ಆಮ್ಲದ ಜೊತೆ ಅರೆದು, ಸೋಸಿ ರಕ್ತಕ್ಕೆ ಚುಚ್ಚಿದರು. ಆಗಲೂ ರಸ ಬಂತು. ಸುದ್ದಿ ನರದ ತಂತಿಯಲ್ಲಿ ಬರುತ್ತಿರಲಿಲ್ಲ. ರಕ್ತದಲ್ಲಿ ತೇಲಿಕೊಂಡು ಬರುತ್ತಿತ್ತು. ಅದಕ್ಕೆ ಅವರು ಸೆಕ್ರೆಟಿನ್ ಅಂತ ಹೆಸರಿಟ್ಟರು. ಸ್ರಾವ ಬರಿಸುವಂಥದ್ದು, ಅಷ್ಟೇ ಅರ್ಥ.

ಮೂರು ವರ್ಷ ಕಳೆದ ಮೇಲೆ, 1905ರಲ್ಲಿ, ಸ್ಟಾರ್ಲಿಂಗ್ ತಮ್ಮ ಉಪನ್ಯಾಸವೊಂದರಲ್ಲಿ ಈ ಜಾತಿಯ ವಸ್ತುಗಳಿಗೆಲ್ಲ ಸೇರಿಸಿ ಒಂದು ಹೆಸರು ಬಳಸಿದರು. ಹಾರ್ಮೋನು. ಗ್ರೀಕಿನಲ್ಲಿ ‘ಹೊರ್ಮಾವೊ’ ಅಂದರೆ ಎಬ್ಬಿಸುತ್ತೇನೆ, ಹುರಿದುಂಬಿಸುತ್ತೇನೆ. ಹೊಲದಲ್ಲಿ ಎತ್ತಿನ ಬೆನ್ನು ತಟ್ಟಿ ‘ನಡಿ’ ಅನ್ನುತ್ತಾರಲ್ಲ, ಆ ಭಾವ. ಆದರೆ ಎಲ್ಲ ಹಾರ್ಮೋನೂ ಎಬ್ಬಿಸುವುದಿಲ್ಲ. ಕೆಲವು ನಿಲ್ಲಿಸುತ್ತವೆ. 1973ರಲ್ಲಿ ಸಿಕ್ಕ ಸೊಮಾಟೊಸ್ಟಾಟಿನ್, ಬೆಳವಣಿಗೆಯ ಹಾರ್ಮೋನು ಬರದಂತೆ ತಡೆಯುತ್ತದೆ. ಈ ತೊಡಕು ಮೊದಲೇ ಕಂಡಿದ್ದು ಎಡ್ವರ್ಡ್ ಶಾರ್ಪಿ-ಶೇಫರ್ ಅನ್ನುವವರಿಗೆ. ಎಬ್ಬಿಸುವುದಕ್ಕೆ ಹಾರ್ಮೋನು, ಸುಮ್ಮನಾಗಿಸುವುದಕ್ಕೆ ಕಲೋನು ಅನ್ನೋಣ ಅಂದರು. ಎರಡಕ್ಕೂ ಸೇರಿಸಿ ಇನ್ನೊಂದು ಹೆಸರನ್ನೂ ಕೊಟ್ಟರು. ಯಾವುದೂ ನಿಲ್ಲಲಿಲ್ಲ. ಜನರ ಬಾಯಿಗೆ ಹಾರ್ಮೋನು ಆಗಲೇ ಹತ್ತಿಬಿಟ್ಟಿತ್ತು. ತಡೆಯುವುದಕ್ಕೂ ಇವತ್ತು ‘ಎಬ್ಬಿಸುವಂಥದ್ದು’ ಅನ್ನುವ ಹೆಸರೇ.

ಇದೇ ಶೇಫರ್ ಇನ್ನೊಂದು ಹೆಸರಿನ ಕಥೆಯಲ್ಲೂ ಬರುತ್ತಾರೆ. ಇನ್ಸುಲಿನ್. ಈ ಪದ ಕೇಳದ ಮನೆ ಈಗ ನಮ್ಮ ಹಳ್ಳಿಗಳಲ್ಲೂ ಇಲ್ಲ, ಅಲ್ವಾ? 1869ರಲ್ಲಿ ಪೌಲ್ ಲ್ಯಾಂಗರ್‌ಹಾನ್ಸ್ ಅನ್ನುವ ಜರ್ಮನ್ ವಿದ್ಯಾರ್ಥಿ ಮೇದೋಜೀರಕ ಗ್ರಂಥಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದ. ಒಂದೇ ಥರದ ಜೀವಕೋಶಗಳ ನಡುವೆ ಅಲ್ಲಲ್ಲಿ ಬೇರೆ ಥರದ ಸಣ್ಣ ಗುಂಪುಗಳು ಕಂಡವು. ನಮ್ಮ ಕೆರೆಗಳು ತುಂಬಿದಾಗ ನಡುವೆ ದಿಣ್ಣೆಗಳು ಎದ್ದು ಕಾಣುತ್ತವಲ್ಲ, ಹಾಗೆ. ಅವು ಏನು ಮಾಡುತ್ತವೆ ಅಂತ ಅವನಿಗೆ ಗೊತ್ತಾಗಲಿಲ್ಲ. ಮುಂದೆ ಅವುಗಳಿಗೆ ಲ್ಯಾಂಗರ್‌ಹಾನ್ಸ್ ದ್ವೀಪಗಳು ಅನ್ನುವ ಹೆಸರು ಬಂತು. ಲ್ಯಾಟಿನ್ನಿನಲ್ಲಿ ದ್ವೀಪಕ್ಕೆ ‘ಇನ್ಸುಲ’. 1909ರಲ್ಲಿ ಬೆಲ್ಜಿಯಂನ ಜಾನ್ ಡಿ ಮೇಯರ್ ಈ ದ್ವೀಪಗಳಿಂದ ಸಕ್ಕರೆಯನ್ನು ಹಿಡಿತದಲ್ಲಿಡುವ ವಸ್ತುವೊಂದು ಬರುತ್ತಿರಬೇಕು, ಅದನ್ನು ‘ಇನ್ಸುಲಿನ್’ ಅನ್ನೋಣ ಅಂದರು. ಕೆಲವು ವರ್ಷಗಳಾದ ಮೇಲೆ ಶೇಫರ್ ಕೂಡ ಅದೇ ಹೆಸರನ್ನು ಸ್ವತಂತ್ರವಾಗಿ ಸೂಚಿಸಿದರು. ಆಗಿನ್ನೂ ಆ ವಸ್ತುವನ್ನು ಯಾರೂ ಹೊರಗೆ ತೆಗೆದಿರಲಿಲ್ಲ.

ಮಗು ಹುಟ್ಟುವ ಮುಂಚೆ ನಾಮಕರಣ ಆಗಿತ್ತು. ಮಗು ಬಂದಿದ್ದು 1921ರಲ್ಲಿ, ಕೆನಡಾದ ಟೊರಾಂಟೊದಲ್ಲಿ. ಬ್ಯಾಂಟಿಂಗ್ ಮತ್ತು ಬೆಸ್ಟ್ ಅದಕ್ಕೆ ‘ಐಲೆಟಿನ್’ ಅಂತ ಕರೆದಿದ್ದರು. ಇಂಗ್ಲಿಷಿನಲ್ಲಿ ಐಲೆಟ್ ಅಂದರೂ ಪುಟ್ಟ ದ್ವೀಪವೇ. ಅವರ ವಿಭಾಗದ ಮುಖ್ಯಸ್ಥರಾದ ಮ್ಯಾಕ್ಲಿಯಡ್ ಲ್ಯಾಟಿನ್ ಮೂಲದ ಹೆಸರೇ ಇರಲಿ ಅಂದರು. ಅದು ಉಳಿಯಿತು. 1922ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಹುಡುಗನಿಗೆ ಮೊದಲ ಇಂಜೆಕ್ಷನ್ ಕೊಟ್ಟರು. ಅದಕ್ಕೂ ಮುಂಚೆ ಸಕ್ಕರೆ ಕಾಯಿಲೆ ಬಂದ ಮಕ್ಕಳಿಗೆ ಉಪವಾಸ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಉಪವಾಸದಿಂದ ಕೆಲವು ತಿಂಗಳು ಜಾಸ್ತಿ ಬದುಕುತ್ತಿದ್ದರು, ಅಷ್ಟೇ. ನಮ್ಮ ಲ್ಯಾಬಿಗೆ ಇನ್ಸುಲಿನ್ ಚೀಲ ಹೆಗಲಿಗೆ ಹಾಕಿಕೊಂಡು ಸ್ಕೂಲ್ ಯೂನಿಫಾರ್ಮಿನಲ್ಲೇ ಬರುವ ಮಕ್ಕಳಿದ್ದರು. ಅವರನ್ನು ನೋಡಿದಾಗಲೆಲ್ಲ ನನಗೆ ಆ ದ್ವೀಪದ ನೆನಪಾಗುತ್ತಿತ್ತು.

ಸಿಕ್ಕ ಜಾಗದ ಮೇಲೆ ಹೆಸರಿಡುವುದು ಸುಲಭ. ಆದರೆ ಆ ಜಾಗವನ್ನು ಯಾವ ಭಾಷೆಯಲ್ಲಿ ಕರೆಯಬೇಕು? ಇಲ್ಲಿ ಅರ್ಧ ಜನ ಮನೆಯಲ್ಲಿ ತೆಲುಗು ಆಡುತ್ತೀರಿ. ಒಂದೇ ಗುಡ್ಡವನ್ನು ಒಬ್ಬರು ಬೆಟ್ಟ ಅನ್ನುತ್ತೀರಿ, ಇನ್ನೊಬ್ಬರು ಕೊಂಡ ಅನ್ನುತ್ತೀರಿ. ಮೂತ್ರಪಿಂಡದ ಮೇಲೆ ಟೋಪಿ ಇಟ್ಟ ಹಾಗೆ ಒಂದು ಪುಟ್ಟ ಗ್ರಂಥಿ ಕೂತಿದೆ. ಲ್ಯಾಟಿನ್ನಿನಲ್ಲಿ ‘ಆಡ್’ ಅಂದರೆ ಹತ್ತಿರ, ‘ರೆನ್’ ಅಂದರೆ ಮೂತ್ರಪಿಂಡ. ಅಲ್ಲಿಂದ ಅಡ್ರಿನಲಿನ್. ಗ್ರೀಕಿನಲ್ಲಿ ‘ಎಪಿ’ ಅಂದರೆ ಮೇಲೆ, ‘ನೆಫ್ರೋಸ್’ ಅಂದರೆ ಮೂತ್ರಪಿಂಡ. ಅಲ್ಲಿಂದ ಎಪಿನೆಫ್ರಿನ್. ವಸ್ತು ಒಂದೇ. ಅಮೆರಿಕದಲ್ಲಿ ಜಾನ್ ಏಬಲ್ ಗ್ರೀಕ್ ಹೆಸರು ಕೊಟ್ಟರು. ಅಲ್ಲೇ ಕೆಲಸ ಮಾಡುತ್ತಿದ್ದ ಜಪಾನಿನ ಜೋಕಿಚಿ ತಾಕಾಮಿನೆ 1901ರಲ್ಲಿ ಶುದ್ಧ ರೂಪದಲ್ಲಿ ತೆಗೆದು ಲ್ಯಾಟಿನ್ ಹೆಸರು ಕೊಟ್ಟರು. ಆ ಹೆಸರನ್ನು ಒಂದು ಔಷಧ ಕಂಪನಿ ತನ್ನ ಟ್ರೇಡ್‌ಮಾರ್ಕ್ ಮಾಡಿಕೊಂಡಿತು. ಹಾಗಾಗಿ ಅಮೆರಿಕದವರಿಗೆ ಎಪಿನೆಫ್ರಿನ್ ಉಳಿಯಿತು. ಬ್ರಿಟನ್ನಿನವರು ಅಡ್ರಿನಲಿನ್ ಅಂದರು, ಅವರಿಂದ ನಮಗೂ ಅದೇ ಬಂತು. ಇಲ್ಲಿ ನರ್ಸಿಂಗ್ ಓದುತ್ತಿರುವ ಮಕ್ಕಳಿದ್ದೀರಿ. ಇದನ್ನು ಗಟ್ಟಿಯಾಗಿ ನೆನಪಿಡಿ. ಪುಸ್ತಕದಲ್ಲಿ ಒಂದು ಹೆಸರು, ಆಂಪೂಲಿನ ಮೇಲೆ ಇನ್ನೊಂದು ಹೆಸರು ಇದ್ದಾಗ ತುರ್ತಿನಲ್ಲಿ ಕೈ ತಡೆಯಬಾರದು.

ಇನ್ನು ಕೆಲವಕ್ಕೆ ಜಾಗದ ಬದಲು ಮೈಕಟ್ಟಿನ ಮೇಲೆ ಹೆಸರು. ಕೆಮಿಸ್ಟ್ರಿ ಓದಿದವರಿಗೆ ಗೊತ್ತು, ‘ಓನ್’ ಅಂತ ಮುಗಿದರೆ ಕೀಟೋನ್, ‘ಆಲ್’ ಅಂತ ಮುಗಿದರೆ ಆಲ್ಕೋಹಾಲ್ ಜಾತಿ. 1935ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ವೃಷಣದಿಂದ ತೆಗೆದ ಹಾರ್ಮೋನಿಗೆ ಟೆಸ್ಟೋಸ್ಟಿರೋನ್ ಅಂದರು. ‘ಟೆಸ್ಟಿಸ್’ ವೃಷಣ, ‘ಸ್ಟಿರ್’ ಸ್ಟೆರಾಯ್ಡ್, ‘ಓನ್’ ಕೀಟೋನ್. ಊರು, ಕುಲ, ಗುರುತು ಮೂರೂ ಒಂದೇ ಹೆಸರಿನಲ್ಲಿ. ಪ್ರೊಜೆಸ್ಟಿರೋನ್ ಹೆಸರು ರಾಜಿಯಿಂದ ಹುಟ್ಟಿದ್ದು. ಒಂದು ಕಡೆಯವರು ಪ್ರೊಜೆಸ್ಟಿನ್ ಅನ್ನುತ್ತಿದ್ದರು, ಇನ್ನೊಂದು ಕಡೆಯವರು ಲೂಟಿಯೊಸ್ಟಿರೋನ್ ಅನ್ನುತ್ತಿದ್ದರು. 1935ರಲ್ಲಿ ಲಂಡನ್ನಿನಲ್ಲಿ ಸೇರಿದಾಗ ಎರಡನ್ನೂ ಬೆಸೆದರು. ಗರ್ಭವನ್ನು ಕಾಯುವ ಸ್ಟೆರಾಯ್ಡ್ ಕೀಟೋನ್ ಅಂತ ಅರ್ಥ ಬಂತು.

ಲ್ಯಾಬ್ ರಿಪೋರ್ಟಿನಲ್ಲಿ ಇ2 ಅಂತ ನೋಡಿರಬಹುದು. ಮಗುವಿಗಾಗಿ ಚಿಕಿತ್ಸೆ ಪಡೆಯುವವರ ರಿಪೋರ್ಟಿನಲ್ಲಿ ತಪ್ಪದೇ ಇರುತ್ತದೆ. ಎಷ್ಟೋ ಜನ ಅದನ್ನು ಎರಡನೇ ಹಂತ ಅಂದುಕೊಂಡು ಗಾಬರಿಯಾಗುತ್ತಾರೆ. ಅದು ಕಾಯಿಲೆಯ ಹಂತ ಅಲ್ಲವೇ ಅಲ್ಲ. ಈಸ್ಟ್ರೋಜನ್ ಕುಟುಂಬದಲ್ಲಿ ಈಸ್ಟ್ರೋನ್, ಈಸ್ಟ್ರಡಯಾಲ್, ಈಸ್ಟ್ರಿಯಾಲ್ ಅಂತ ಮೂರು. ಆಮ್ಲಜನಕ-ಜಲಜನಕದ ಜೋಡಿ ಮೊದಲನೆಯದರಲ್ಲಿ ಒಂದು, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ಮೂರು. ಅದಕ್ಕೇ ಇ1, ಇ2, ಇ3. ಥೈರಾಯ್ಡ್ ಗ್ರಂಥಿಯ ಹಾರ್ಮೋನುಗಳಾದ ಟಿ3, ಟಿ4 ಕೂಡ ಅಂಥದ್ದೇ ಲೆಕ್ಕ. ಟಿ4ನಲ್ಲಿ ನಾಲ್ಕು ಅಯೋಡಿನ್ ಪರಮಾಣುಗಳು, ಟಿ3ನಲ್ಲಿ ಮೂರು. ಅಯೋಡಿನ್ ಉಪ್ಪು ಯಾಕೆ ತಿನ್ನಬೇಕು ಅಂತ ಯಾರಾದರೂ ಕೇಳಿದರೆ ಆಶಾ ಅಕ್ಕಂದಿರು ಆ ಅಂಕಿಯನ್ನೇ ತೋರಿಸಬಹುದು. ನಾಲ್ಕು ಅಯೋಡಿನ್ ಸಿಗದಿದ್ದರೆ ಆ ನಾಲ್ಕು ಎಲ್ಲಿಂದ ಬರಬೇಕು?

ಈಸ್ಟ್ರೋಜನ್ ಅನ್ನುವ ಹೆಸರು ಬಂದಿದ್ದು ದನದ ಕೊಟ್ಟಿಗೆಯಿಂದ ಅಂದರೆ ನಂಬುತ್ತೀರಾ? ಗ್ರೀಕಿನಲ್ಲಿ ‘ಓಯ್ಸ್ಟ್ರೋಸ್’ ಅಂದರೆ ದನ ಕಚ್ಚುವ ನೊಣ. ಆ ನೊಣ ಕಚ್ಚಿದ ಹಸು ಹುಚ್ಚೆದ್ದು ಓಡುತ್ತದೆ. ಪ್ರಾಣಿ ಬೆದೆಗೆ ಬಂದಾಗಿನ ಚಡಪಡಿಕೆಗೂ ಅದೇ ಪದ ಬಳಸಿದರು. ಬೆದೆ ಬರಿಸುವಂಥದ್ದು ಈಸ್ಟ್ರೋಜನ್. ಹೆಣ್ಣುಮಕ್ಕಳ ಮೂಳೆ ಗಟ್ಟಿ ಇಡುವುದೂ ಅದೇ ಹಾರ್ಮೋನು. ಮುಟ್ಟು ನಿಂತ ಮೇಲೆ ಮೂಳೆ ಸವೆಯಲು ಮುಖ್ಯ ಕಾರಣ ಅದು ಕಡಿಮೆಯಾಗುವುದು. ಗಂಡಸರ ಮೂಳೆಗೂ ಅದು ಸ್ವಲ್ಪ ಬೇಕು. ಇದ್ಯಾವುದೂ ಆ ನೊಣದ ಹೆಸರಿನಲ್ಲಿ ಇಲ್ಲ.

ಥೈರಾಯ್ಡ್ ಮಾತಿಗೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಹೆಣ್ಣುಮಕ್ಕಳಲ್ಲಿ ಬಹಳ ಜನ ಪ್ರತಿ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಇದರ ಮಾತ್ರೆ ನುಂಗುತ್ತಾರೆ. ‘ಥೈರಿಯೋಸ್’ ಅಂದರೆ ಗ್ರೀಕಿನಲ್ಲಿ ಗುರಾಣಿ. ಕತ್ತಿನ ಮುಂದೆ ಗುರಾಣಿಯ ಆಕಾರ ಕಂಡು ಇಟ್ಟ ಹೆಸರು. ಅದರಿಂದ ಬರುವ ಥೈರಾಕ್ಸಿನ್ನನ್ನು 1914ರ ಕ್ರಿಸ್‌ಮಸ್ ದಿನ ಅಮೆರಿಕದ ಎಡ್ವರ್ಡ್ ಕೆಂಡಾಲ್ ಹರಳಿನ ರೂಪದಲ್ಲಿ ತೆಗೆದರು. ಅದರೊಳಗೆ ಇಂಡೋಲ್ ಅನ್ನುವ ಕಟ್ಟು ಇದೆ ಅಂತ ಅವರು ಎಣಿಸಿದ್ದರು. ಅದಕ್ಕೇ ಥೈರೊ, ಆಕ್ಸಿ, ಇಂಡೋಲ್ ಮೂರನ್ನೂ ಕೂಡಿಸಿ ಮೊಟಕು ಮಾಡಿದ ಹೆಸರು ಅದು. 1926ರಲ್ಲಿ ಹ್ಯಾರಿಂಗ್ಟನ್ ಸರಿಯಾದ ರಚನೆ ಕಂಡುಹಿಡಿದಾಗ ಅದರಲ್ಲಿ ಇಂಡೋಲೇ ಇರಲಿಲ್ಲ. ಹೆಸರು ಮಾತ್ರ ಹಾಗೇ ಉಳಿಯಿತು.

ಈಗ ಟಿಎಸ್‌ಎಚ್. ನಾನು ಕೌಂಟರಿನಲ್ಲಿ ಅತಿ ಹೆಚ್ಚು ಸಲ ವಿವರಿಸಿದ ಮೂರಕ್ಷರ ಇದು. ಪೂರ್ತಿ ಹೆಸರು ಥೈರಾಯ್ಡ್ ಸ್ಟಿಮ್ಯುಲೇಟಿಂಗ್ ಹಾರ್ಮೋನ್. ಥೈರಾಯ್ಡನ್ನು ಎಬ್ಬಿಸುವ ಹಾರ್ಮೋನು. ಇದು ಥೈರಾಯ್ಡಿನಲ್ಲಿ ಹುಟ್ಟುವುದಿಲ್ಲ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿಯಲ್ಲಿ ಹುಟ್ಟುತ್ತದೆ. ಒಮ್ಮೆ ಒಬ್ಬ ತಾಯಿ ಬಂದಿದ್ದರು. ರಿಪೋರ್ಟಿನಲ್ಲಿ ಟಿಎಸ್‌ಎಚ್ ಜಾಸ್ತಿ ಇತ್ತು.

‘ಥೈರಾಯ್ಡ್ ಜಾಸ್ತಿ ಆಗಿದೆ ಅಂತಲ್ಲಾ ಮೇಡಂ, ಮಾತ್ರೆ ನಿಲ್ಲಿಸಿಬಿಟ್ಟೆ’ ಅಂದರು.

ನನಗೆ ಎದೆ ಧಸಕ್ ಅಂದಿತು. ಅವರಿಗೆ ಹೀಗೆ ಹೇಳಿದೆ: ‘ಅಮ್ಮಾ, ಮಗ ಬೇಗ ಎದ್ದರೆ ನೀವು ಒಂದು ಸಲ ಕರೀತೀರಿ. ಏಳದೇ ಇದ್ದರೆ?’

‘ಕೂಗ್ತಾನೇ ಇರ್ತೀನಿ.’

‘ಈ ಟಿಎಸ್‌ಎಚ್ ಅನ್ನೋದು ಆ ಕೂಗು. ಕೂಗು ಜಾಸ್ತಿ ಇದೆ ಅಂದರೆ ಒಳಗಿರೋನು ಎದ್ದಿಲ್ಲ ಅಂತ.’

ಅವರು ಅರ್ಥ ಮಾಡಿಕೊಂಡರು. ಅವತ್ತೇ ಡಾಕ್ಟರ ಹತ್ತಿರ ವಾಪಸ್ ಹೋದರು. ಸಾಮಾನ್ಯವಾಗಿ ಟಿಎಸ್‌ಎಚ್ ಏರಿದರೆ ಥೈರಾಯ್ಡ್ ಕುಗ್ಗಿದೆ ಅಂತ, ಇಳಿದರೆ ಥೈರಾಯ್ಡ್ ಅತಿಯಾಗಿ ದುಡಿಯುತ್ತಿದೆ ಅಂತ. ಬೇರೆ ಕಾರಣಗಳೂ ಇರುತ್ತವೆ, ಅದನ್ನು ಡಾಕ್ಟರು ನೋಡಲಿ. ಆದರೆ ‘ಎಸ್’ ಅನ್ನುವ ಅಕ್ಷರಕ್ಕೆ ‘ಎಬ್ಬಿಸುವುದು’ ಅಂತ ಅರ್ಥ ಗೊತ್ತಿದ್ದರೆ ಯಾರೂ ತಮ್ಮಷ್ಟಕ್ಕೆ ತಾವೇ ಮಾತ್ರೆ ನಿಲ್ಲಿಸುವುದಿಲ್ಲ. ಮೂರಕ್ಷರದ ಪೂರ್ತಿ ಹೆಸರನ್ನು ರೋಗಿಗೆ ಹೇಳಿಕೊಡಲು ಒಂದು ನಿಮಿಷ ಸಾಕು. ಆ ಒಂದು ನಿಮಿಷ ಕೊಡದಿರುವುದು ನನಗೆ ಬೇಜಾರಿನ ಸಂಗತಿ.

ಪಿಟ್ಯುಟರಿಯ ಇನ್ನಿಬ್ಬರು ಎಫ್‌ಎಸ್‌ಎಚ್ ಮತ್ತು ಎಲ್‌ಎಚ್. ‘ಎಫ್’ ಅಂದರೆ ಫಾಲಿಕಲ್, ಅಂಡಾಶಯದಲ್ಲಿ ಅಂಡ ಬೆಳೆಯುವ ಗುಳ್ಳೆ. ‘ಎಲ್’ ಅಂದರೆ ಲೂಟಿಯಸ್, ಹಳದಿ. ಅಂಡ ಹೊರಬಿದ್ದ ಮೇಲೆ ಆ ಗುಳ್ಳೆ ಹಳದಿ ಗಂಟಾಗುತ್ತದೆ. ಎರಡೂ ಹೆಣ್ಣಿನ ಅಂಡಾಶಯದ ಹೆಸರುಗಳೇ. ಆದರೆ ಎರಡೂ ಗಂಡಸರಲ್ಲೂ ಇವೆ. ವೀರ್ಯಾಣು ಬೆಳೆಯಲು, ಟೆಸ್ಟೋಸ್ಟಿರೋನ್ ಹುಟ್ಟಲು ಇವೇ ಬೇಕು. ಗಂಡಸರಲ್ಲಿರುವ ಎಲ್‌ಎಚ್‌ಗೆ ಒಂದು ಕಾಲದಲ್ಲಿ ಐಸಿಎಸ್‌ಎಚ್ ಅಂತ ಬೇರೆ ಹೆಸರೇ ಇತ್ತು, ವೃಷಣದ ಒಂದು ಬಗೆಯ ಜೀವಕೋಶಗಳನ್ನು ಎಬ್ಬಿಸುವ ಹಾರ್ಮೋನು ಅಂತ. ಅಣು ಒಂದೇ ಅಂತ ಗೊತ್ತಾದ ಮೇಲೆ ಆ ಹೆಸರು ಬಿದ್ದುಹೋಯಿತು. ಹೆಣ್ಣಿನ ಹೆಸರು ಉಳಿಯಿತು. ಮಗುವಾಗಲಿಲ್ಲ ಅಂತ ಬಂದ ದಂಪತಿಗಳಲ್ಲಿ ಗಂಡನಿಗೆ ಎಫ್‌ಎಸ್‌ಎಚ್ ಬರೆದಾಗ, ‘ಇದು ಅವಳ ಟೆಸ್ಟು, ನನಗ್ಯಾಕೆ’ ಅಂತ ಎದ್ದು ಹೋದವರನ್ನು ನೋಡಿದ್ದೇನೆ. ಹೆಸರು ಹೆಣ್ಣಿನ ಕಡೆಯದು ಅಂದ ಮಾತ್ರಕ್ಕೆ ತಪ್ಪೂ ಹೆಣ್ಣಿನ ಕಡೆಯದೇ ಆಗಬೇಕಿಲ್ಲ. ಈ ಮಾತನ್ನು ಇಲ್ಲಿರುವ ಗಂಡುಮಕ್ಕಳು ಮನೆಗೆ ಹೋಗಿ ಹೇಳಬೇಕು.

ಎಎಮ್‌ಎಚ್ ಇದರ ತಿರುಗುಮುರುಗು. ಪೂರ್ತಿ ಹೆಸರು ಆ್ಯಂಟಿ ಮ್ಯುಲೇರಿಯನ್ ಹಾರ್ಮೋನ್. ಯೋಹಾನೆಸ್ ಮ್ಯುಲರ್ ಅನ್ನುವ ಜರ್ಮನ್ ಅಂಗರಚನಾ ವಿಜ್ಞಾನಿ 1830ರಲ್ಲಿ ಭ್ರೂಣದಲ್ಲಿರುವ ಒಂದು ಜೊತೆ ನಾಳಗಳನ್ನು ವಿವರಿಸಿದರು. ಹೆಣ್ಣು ಭ್ರೂಣದಲ್ಲಿ ಆ ನಾಳಗಳೇ ಮುಂದೆ ಗರ್ಭಕೋಶವಾಗುತ್ತವೆ. ಗಂಡು ಭ್ರೂಣದಲ್ಲಿ ವೃಷಣದಿಂದ ಒಂದು ಹಾರ್ಮೋನು ಬಂದು ಅವನ್ನು ಅಳಿಸಿಬಿಡುತ್ತದೆ. ಹಾಗಾಗಿ ಮ್ಯುಲರ್ ನಾಳಕ್ಕೆ ವಿರುದ್ಧ ಅಂತ ಹೆಸರು. ಈಗ ಈ ಪರೀಕ್ಷೆಯನ್ನು ಜಾಸ್ತಿ ಮಾಡಿಸುವವರು ಹೆಣ್ಣುಮಕ್ಕಳು. ದೊಡ್ಡವರಾದ ಮೇಲೆ ಅಂಡಾಶಯದ ಪುಟ್ಟ ಗುಳ್ಳೆಗಳಿಂದ ಅದು ಬರುತ್ತದೆ. ಇನ್ನೆಷ್ಟು ಅಂಡಗಳು ಉಳಿದಿವೆ ಅಂತ ಅಂದಾಜು ಮಾಡಲು ಸಹಾಯವಾಗುತ್ತದೆ. ಗಂಡು ಭ್ರೂಣದಲ್ಲಿ ಹೆಸರು ಪಡೆದು, ಹೆಣ್ಣಿನ ರಿಪೋರ್ಟಿನಲ್ಲಿ ಬಾಳುತ್ತಿದೆ. ಆ ‘ಆ್ಯಂಟಿ’ ಪದ ನೋಡಿ, ತನ್ನ ಮೈಯಲ್ಲಿ ಮಗುವಿಗೆ ವಿರೋಧವಾದದ್ದು ಏನೋ ಇದೆ ಅಂತ ಅತ್ತ ಹುಡುಗಿಯೊಬ್ಬಳನ್ನು ಕೂರಿಸಿಕೊಂಡು ನಾನು ಇದನ್ನೆಲ್ಲ ಹೇಳಿದ್ದೆ.

ಎಚ್‌ಸಿಜಿ ಬಗ್ಗೆ ಆಶಾ ಅಕ್ಕಂದಿರಿಗೆ ಹೆಚ್ಚು ಹೇಳಬೇಕಿಲ್ಲ. ನಿಮ್ಮ ಚೀಲದಲ್ಲಿರುವ, ಗರ್ಭ ನಿಂತಿದೆಯೇ ಅಂತ ನೋಡುವ ನಿಶ್ಚಯ್ ಕಿಟ್‌ನಲ್ಲಿ ಗೆರೆ ಮೂಡಿಸುವುದು ಇದೇ. ಮೊದಲ ಅಕ್ಷರ ಹ್ಯೂಮನ್, ಮನುಷ್ಯನದು. ಎರಡನೆಯದು ಕೋರಿಯಾನ್, ಭ್ರೂಣವನ್ನು ಸುತ್ತಿದ ಹೊರಪೊರೆ. ಮೂರನೆಯದು ಗೊನಾಡೊಟ್ರೋಪಿನ್, ಅಂಡಾಶಯ-ವೃಷಣಗಳ ಕಡೆ ತಿರುಗಿದ್ದು. ಹೊಟ್ಟೆಯಲ್ಲಿ ಹೊಸ ಜೀವ ಕೂತಿದೆ ಅನ್ನುವ ಸುದ್ದಿಯನ್ನು ತಾಯಿಯ ಅಂಡಾಶಯಕ್ಕೆ ಮುಟ್ಟಿಸುವುದು ಆ ಪೊರೆ. ಈ ಹೆಸರು ಚೆನ್ನಾಗಿ ಕೂತಿದೆ ಅಂತ ನನಗೆ ಅನ್ನಿಸುತ್ತದೆ.

ಇಷ್ಟು ಗೊಂದಲ ಇದ್ದರೆ ಯಾರೂ ಸರಿಮಾಡಲಿಲ್ಲವೇ ಅಂತ ಕೇಳಬಹುದು. ಪ್ರಯತ್ನ ಆಗಿದೆ. 1974ರಲ್ಲಿ ಅಂತರರಾಷ್ಟ್ರೀಯ ರಸಾಯನ ವಿಜ್ಞಾನ ಮತ್ತು ಜೀವರಸಾಯನ ಸಂಸ್ಥೆಗಳ ಜಂಟಿ ಸಮಿತಿ ಚೊಕ್ಕವಾದ ಹೆಸರುಗಳನ್ನು ಸೂಚಿಸಿತು. ಟಿಎಸ್‌ಎಚ್‌ಗೆ ಥೈರೊಟ್ರೋಪಿನ್, ಎಫ್‌ಎಸ್‌ಎಚ್‌ಗೆ ಫಾಲಿಟ್ರೋಪಿನ್, ಎಲ್‌ಎಚ್‌ಗೆ ಲೂಟ್ರೋಪಿನ್. ಮಿದುಳಿನಿಂದ ಬಂದು ಇವನ್ನು ಬಿಡಿಸುವ ಹಾರ್ಮೋನುಗಳಿಗೆ ‘ಲಿಬರಿನ್’ ಅನ್ನುವ ಕೊನೆ, ತಡೆಯುವಂಥವಕ್ಕೆ ‘ಸ್ಟಾಟಿನ್’ ಅನ್ನುವ ಕೊನೆ. ಸ್ಟಾಟಿನ್ ಉಳಿಯಿತು. ಲಿಬರಿನ್ ಯಾರ ಬಾಯಿಗೂ ಹತ್ತಲಿಲ್ಲ. ರಸ್ತೆಗೆ ಹೊಸ ಬೋರ್ಡ್ ಹಾಕುತ್ತಾರೆ. ಆಟೋದವರು ಹಳೇ ಹೆಸರನ್ನೇ ಕೇಳುತ್ತಾರೆ. ನಮ್ಮ ಲ್ಯಾಬಿನ ಮೆಷಿನ್ನಿನಲ್ಲೂ ಕೊನೆಯವರೆಗೆ ಟಿಎಸ್‌ಎಚ್ ಅಂತಲೇ ಬರುತ್ತಿತ್ತು.

ಶುರುವಿನಲ್ಲಿ ಮೋಕ್ಷಗುಂಡಂ, ಚಿಂತಾಮಣಿ ಅಂತ ಹೇಳಿದೆನಲ್ಲ, ಅದಕ್ಕೆ ಸರಿಯಾಗಿ ಹೊಂದುವ ಹಾರ್ಮೋನು ಬಿಎನ್‌ಪಿ. 1988ರಲ್ಲಿ ಜಪಾನಿನಲ್ಲಿ ಹಂದಿಯ ಮಿದುಳಿನಿಂದ ತೆಗೆದರು. ಬ್ರೈನ್ ನಾಟ್ರಿಯುರೆಟಿಕ್ ಪೆಪ್ಟೈಡ್ ಅಂದರು. ಮೂತ್ರದಲ್ಲಿ ಉಪ್ಪು ಹೊರಹಾಕಿಸುವ ಮಿದುಳಿನ ಪೆಪ್ಟೈಡ್, ಅಂದರೆ ಪುಟ್ಟ ಪ್ರೋಟೀನಿನಂಥದ್ದು. ಆಮೇಲೆ ನೋಡಿದರೆ ಮನುಷ್ಯನಲ್ಲಿ ಅದು ಮುಖ್ಯವಾಗಿ ಬರುವುದು ಹೃದಯದ ಕೆಳಗಿನ ಕೋಣೆಗಳಿಂದ. ಹೃದಯದ ಗೋಡೆ ಹಿಗ್ಗಿ ಆಯಾಸಪಟ್ಟಾಗ ಅದು ಏರುತ್ತದೆ. ಅದಕ್ಕೇ ಏದುಸಿರು ಬಿಡುತ್ತಾ ಬಂದವರಿಗೆ ಈ ಪರೀಕ್ಷೆ ಬರೆಯುತ್ತಾರೆ. ಈಗ ಆ ‘ಬಿ’ಯನ್ನು ಬ್ರೈನ್ ಅನ್ನುವ ಬದಲು ‘ಬಿ ಟೈಪ್’ ಅಂತ ಓದುತ್ತಾರೆ. ಅಕ್ಷರ ಹಾಗೇ ಇದೆ, ಅರ್ಥ ಬದಲಾಗಿದೆ.

ಜಿಐಪಿಯ ಕಥೆ ಇನ್ನೂ ಚೆಂದ. ಮೊದಲು ಅದರ ಅರ್ಥ ಗ್ಯಾಸ್ಟ್ರಿಕ್ ಇನ್ಹಿಬಿಟರಿ ಪಾಲಿಪೆಪ್ಟೈಡ್, ಹೊಟ್ಟೆಯ ಆಮ್ಲ ತಡೆಯುವಂಥದ್ದು. ಮನುಷ್ಯನಲ್ಲಿ ಅದರ ದೊಡ್ಡ ಕೆಲಸ ಬೇರೆಯೇ ಅಂತ ಮುಂದೆ ಗೊತ್ತಾಯಿತು. ರಕ್ತದಲ್ಲಿ ಸಕ್ಕರೆ ಏರಿದಾಗ ಇನ್ಸುಲಿನ್ ಬರಿಸುವುದು. ಆಗ ಅದೇ ಮೂರಕ್ಷರ ಉಳಿಯುವಂತೆ ಹೊಸ ಹೆಸರು ಹೊಲಿದರು. ಗ್ಲೂಕೋಸ್ ಡಿಪೆಂಡೆಂಟ್ ಇನ್ಸುಲಿನೊಟ್ರೋಪಿಕ್ ಪಾಲಿಪೆಪ್ಟೈಡ್. ಜಿ, ಐ, ಪಿ. ಗೆಜ್ಜೆ ಹಳೆಯದು, ಕಾಲು ಹೊಸದು. ಜಿಎಲ್‌ಪಿ-1 ಕೂಡ ಹೀಗೆ ದಾರಿ ತಪ್ಪಿಸುತ್ತದೆ. ಗ್ಲೂಕಗಾನ್ ಥರದ ಪೆಪ್ಟೈಡ್ ಅಂತ ಅದರ ಅರ್ಥ. ಗ್ಲೂಕಗಾನ್ ಸಕ್ಕರೆ ಏರಿಸುತ್ತದೆ, ಇದು ಇಳಿಸಲು ನೆರವಾಗುತ್ತದೆ. ಕಟ್ಟಿನಲ್ಲಿ ಹೋಲಿಕೆ, ಕೆಲಸದಲ್ಲಿ ಎದುರುಬದುರು. ಸಕ್ಕರೆ ಕಾಯಿಲೆಗೆ, ತೂಕ ಇಳಿಸಲು ಅಂತ ಈಗ ಎಲ್ಲರೂ ಮಾತಾಡುವ ವಾರಕ್ಕೊಂದು ಇಂಜೆಕ್ಷನ್ನುಗಳು ಈ ಎರಡು ಹಾರ್ಮೋನುಗಳ ದಾರಿ ಹಿಡಿದವು. ಡಾಕ್ಟರ ಚೀಟಿ ಇಲ್ಲದೆ ಯಾರೂ ಅವನ್ನು ತೆಗೆದುಕೊಳ್ಳಬೇಡಿ.

ಹೆಸರಿನಿಂದ ನಿಜವಾಗಿ ತೊಂದರೆ ಆಗಬಹುದು ಅನ್ನುವುದಕ್ಕೆ ನಮ್ಮ ಮನೆಯದೇ ಒಂದು ಸಂಗತಿ ಇದೆ. ನನ್ನ ಚಿಕ್ಕಮ್ಮನ ಮಗಳಿಗೆ ಡಯಾಬಿಟಿಸ್ ಇನ್ಸಿಪಿಡಸ್ ಅನ್ನುವ ಕಾಯಿಲೆ. ಇದಕ್ಕೂ ಸಕ್ಕರೆಗೂ ಸಂಬಂಧವೇ ಇಲ್ಲ. ಪಿಟ್ಯುಟರಿಯಿಂದ ಬರುವ ಒಂದು ಹಾರ್ಮೋನು ಮೂತ್ರಪಿಂಡಕ್ಕೆ ‘ನೀರು ಚೆಲ್ಲಬೇಡ, ಹಿಡಿದಿಡು’ ಅನ್ನುತ್ತದೆ. ಅವಳಿಗೆ ಆ ಹಾರ್ಮೋನು ಇಲ್ಲ. ಮಾತ್ರೆ ತಪ್ಪಿದರೆ ದಿನಕ್ಕೆ ಬಿಂದಿಗೆಗಟ್ಟಲೆ ಮೂತ್ರ, ಅಷ್ಟೇ ಬಾಯಾರಿಕೆ. ಒಮ್ಮೆ ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದಳು. ಫೈಲಿನಲ್ಲಿ ‘ಡಯಾಬಿಟಿಸ್’ ಅನ್ನುವ ಪದ ನೋಡಿ ವಾರ್ಡಿನವರು ಅವಳನ್ನು ಶುಗರ್ ಪೇಷಂಟ್ ಅಂತ ಬರೆದುಕೊಂಡರು. ಹೊತ್ತು ಹೊತ್ತಿಗೆ ಬೆರಳು ಚುಚ್ಚಿದರು, ಸಕ್ಕರೆ ಇಲ್ಲದ ಊಟ ಕೊಟ್ಟರು. ಅವಳಿಗೆ ಬೇಕಾಗಿದ್ದ ಮಾತ್ರೆ ಎರಡು ಹೊತ್ತು ತಪ್ಪಿತು. ನಾನು ಹೋಗಿ ನೋಡಿದಾಗ ತುಟಿ ಒಣಗಿ ಬಿರುಕು ಬಿಟ್ಟಿತ್ತು. ‘ಅಕ್ಕಾ, ನೀರು ಕೇಳಿದ್ರೆ ಆಮೇಲೆ ಅಂತಾರೆ’ ಅಂದಳು. ಅದನ್ನು ಈಗ ನೆನೆಸಿಕೊಂಡರೂ ಹೊಟ್ಟೆ ಉರಿಯುತ್ತದೆ. ಡಾಕ್ಟರು ಬಂದ ಮೇಲೆ ಸರಿಹೋಯಿತು. ಲಂಡನ್ನಿನಲ್ಲಿ ಇದೇ ಕಾಯಿಲೆಯ ಯುವಕನೊಬ್ಬ 2009ರಲ್ಲಿ ಆಸ್ಪತ್ರೆಯ ಹಾಸಿಗೆಯ ಮೇಲೆಯೇ ನೀರಿಲ್ಲದೆ ತೀರಿಕೊಂಡ.

ಈ ಹೆಸರು ಎಲ್ಲಿಂದ ಬಂತು? ಗ್ರೀಕಿನಲ್ಲಿ ಡಯಾಬಿಟಿಸ್ ಅಂದರೆ ಹಾದುಹೋಗುವುದು. ಕುಡಿದ ನೀರು ಮೈಯಲ್ಲಿ ನಿಲ್ಲದೆ ಹರಿದುಹೋಗುತ್ತದಲ್ಲ, ಅದು. ಹಿಂದಿನ ವೈದ್ಯರು ಮೂತ್ರದ ರುಚಿ ನೋಡುತ್ತಿದ್ದರು. ಜೇನಿನಂತೆ ಸಿಹಿ ಇದ್ದರೆ ಮೆಲಿಟಸ್. ನಮ್ಮ ಆಯುರ್ವೇದದ ಮಧುಮೇಹ ಅನ್ನುವ ಪದದಲ್ಲೂ ಅದೇ ಜೇನು. ರುಚಿಯೇ ಇಲ್ಲದಿದ್ದರೆ ಇನ್ಸಿಪಿಡಸ್, ಸಪ್ಪೆ. ಹೊರಗಿನ ಲಕ್ಷಣ ಒಂದೇ ಥರ ಅಂತ ಎರಡು ಬೇರೆ ಕಾಯಿಲೆಗಳಿಗೆ ಒಂದೇ ಮನೆತನದ ಹೆಸರು ಬಿತ್ತು. ಇನ್ನು ಆ ಹಾರ್ಮೋನಿಗೆ ಎರಡು ಹೆಸರು. ರಕ್ತನಾಳ ಬಿಗಿದು ಒತ್ತಡ ಏರಿಸುವುದನ್ನು ಮೊದಲು ಕಂಡವರು ವಾಸೊಪ್ರೆಸಿನ್ ಅಂದರು. ಮೂತ್ರ ತಡೆಯುವುದನ್ನು ನೋಡಿದವರು ಎಡಿಎಚ್ ಅಂದರು, ಆ್ಯಂಟಿ ಡಯುರೆಟಿಕ್ ಹಾರ್ಮೋನ್. 2022ರಲ್ಲಿ ಹಲವು ದೇಶಗಳ ತಜ್ಞರ ತಂಡ ಕಾಯಿಲೆಯ ಹೆಸರನ್ನೇ ಬದಲಿಸಲು ಶಿಫಾರಸು ಮಾಡಿತು. ಹೊಸ ಹೆಸರು ಅರ್ಜಿನಿನ್ ವಾಸೊಪ್ರೆಸಿನ್ ಡಿಫಿಶಿಯೆನ್ಸಿ, ಮೊಟಕಾಗಿ ಎವಿಪಿ-ಡಿ. ಹಾರ್ಮೋನು ಇದ್ದೂ ಮೂತ್ರಪಿಂಡ ಕೇಳದಿದ್ದರೆ ಎವಿಪಿ-ಆರ್, ರೆಸಿಸ್ಟೆನ್ಸ್. ಬದಲಿಸಲು ಮುಖ್ಯ ಕಾರಣ, ನನ್ನ ತಂಗಿಗೆ ಆದಂಥದ್ದು ಬೇರೆಯವರಿಗೂ ಆಗುತ್ತಿತ್ತು. ಈಗ ನನ್ನ ತಂಗಿ ಹೊಸ ಹೆಸರು ಬರೆದ ಚೀಟಿಯನ್ನು ಆಧಾರ್ ಕಾರ್ಡಿನ ಜೊತೆ ಪರ್ಸಿನಲ್ಲಿ ಇಟ್ಟುಕೊಂಡಿದ್ದಾಳೆ.

ಆಕ್ಸಿಟೋಸಿನ್ ಬಗ್ಗೆ ಒಂದು ಮಾತು. ‘ಓಕ್ಸಿಸ್’ ಬೇಗ, ‘ಟೋಕೋಸ್’ ಹೆರಿಗೆ. ಹೆರಿಗೆ ವಾರ್ಡಿನಲ್ಲಿ ರಕ್ತಸ್ರಾವ ನಿಲ್ಲಿಸಲು ಕೊಡುವುದನ್ನು ನೋಡಿದ್ದೀರಿ. ಕರು ಬಾಯಿ ಹಾಕಿದ ಕೂಡಲೇ ಕೆಚ್ಚಲಿಗೆ ಹಾಲು ಇಳಿಸುವುದೂ ಇದೇ. ಹೆಸರಿನಲ್ಲಿ ಹೆರಿಗೆ ಇದೆ, ಹಾಲು ಇಲ್ಲ. ಡೇರಿಗೆ ಹಾಲು ಹಾಕುವವರು ಇಲ್ಲಿದ್ದೀರಿ. ಹಾಲಿಗಾಗಿ ಹಸುವಿಗೆ ಇದನ್ನು ದಿನಾ ಚುಚ್ಚುವುದು ಕಾನೂನಿಗೂ ವಿರುದ್ಧ, ಆ ಮೂಕ ಪ್ರಾಣಿಗೂ ಹಿಂಸೆ.

ಹೊಸ ಕಾಲದ ಹೆಸರುಗಳಲ್ಲಿ ನನಗೆ ಇಷ್ಟವಾದದ್ದು ಕಿಸ್‌ಪೆಪ್ಟಿನ್. ಅಮೆರಿಕದ ಹರ್ಷಿ ಅನ್ನುವ ಊರಿನಲ್ಲಿ 1996ರಲ್ಲಿ ಒಂದು ವಂಶವಾಹಿ ಸಿಕ್ಕಿತು. ಆ ಊರು ಚಾಕೊಲೇಟಿಗೆ ಹೆಸರುವಾಸಿ. ಅಲ್ಲಿನ ‘ಕಿಸ್’ ಅನ್ನುವ ಚಾಕೊಲೇಟಿನ ನೆನಪಿಗೆ ಅದಕ್ಕೆ ಕಿಸ್-1 ಅಂದರು. ಆಗ ಅದು ಕ್ಯಾನ್ಸರ್ ಹರಡುವುದನ್ನು ತಡೆಯುವ ವಂಶವಾಹಿ ಅಂತ ಮಾತ್ರ ಗೊತ್ತಿತ್ತು. ಅದರಿಂದ ಬರುವ ಹಾರ್ಮೋನೇ ಮಕ್ಕಳನ್ನು ಪ್ರಾಯಕ್ಕೆ ತರುವ ಕೆಲಸದಲ್ಲಿ ಮುಖ್ಯವಾದದ್ದು ಅಂತ ತಿಳಿದಿದ್ದು 2003ರಲ್ಲಿ. ಮೊದಲೇ ಇಟ್ಟ ಹೆಸರು, ಆಮೇಲೆ ತಾನಾಗಿ ಹೊಂದಿಕೊಂಡಿತು.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಒಂದನ್ನು ಇಲ್ಲಿ ಸೇರಿಸಲೇಬೇಕು. ಶಿಡ್ಲಘಟ್ಟದ ಕಡೆಯ ರೇಷ್ಮೆ ರೈತರೊಬ್ಬರು ಹಿಂದಿನ ಸಾಲಿನಲ್ಲಿ ಎದ್ದು ನಿಂತರು.

‘ಮೇಡಂ, ನಮ್ಮ ಹುಳಕ್ಕೂ ಹಾರ್ಮೋನು ಇದೆಯಾ?’

ಇದೆ ಅಣ್ಣ ಅಂದೆ. ಜರ್ಮನಿಯಲ್ಲಿ ಬ್ಯೂಟನಾಂಟ್ ಅನ್ನುವವರು ಮನುಷ್ಯರ ಈಸ್ಟ್ರೋನ್ ಹಾರ್ಮೋನನ್ನು ಮೊದಲು ಶುದ್ಧವಾಗಿ ತೆಗೆದವರಲ್ಲಿ ಒಬ್ಬರು. ಅದೇ ಬ್ಯೂಟನಾಂಟ್ ಮತ್ತು ಕಾರ್ಲ್ಸನ್ 1954ರಲ್ಲಿ 500 ಕಿಲೋ ರೇಷ್ಮೆ ಕೋಶಗಳನ್ನು ಅರೆದು 25 ಮಿಲಿಗ್ರಾಂ ಹರಳು ತೆಗೆದರು. ಗೂಡಿನೊಳಗಿನ ಕೋಶ, 500 ಕಿಲೋ. ಹುಳ ಪೊರೆ ಬಿಡಲು ಬೇಕಾದ ಹಾರ್ಮೋನು ಅದು. ಪೊರೆ ಬಿಡುವುದಕ್ಕೆ ಗ್ರೀಕ್ ಮೂಲದ ಪದ ‘ಎಕ್ಡಿಸಿಸ್’, ಜೊತೆಗೆ ಆ ‘ಓನ್’ ಸೇರಿಸಿ ಎಕ್ಡೈಸೋನ್. ಟೆಸ್ಟೋಸ್ಟಿರೋನಿನ ಹಾಗೇ ಇದೂ ಸ್ಟೆರಾಯ್ಡ್ ಕುಲದ್ದು.

‘ಪೊರೆ ಬಿಡೋದು ಅಂದ್ರೆ ನಾವು ಜ್ವರ ಅಂತೀವಲ್ಲ, ಅದಾ?’

ಅದೇ. ಹುಳ ಸೊಪ್ಪು ಬಿಟ್ಟು ತಲೆ ಎತ್ತಿ ಅಲ್ಲಾಡದೆ ಕೂರುತ್ತದೆ. ನೋಡಿದವರಿಗೆ ಕಾಯಿಲೆ ಬಿದ್ದ ಹಾಗೆ ಕಾಣುತ್ತದೆ. ಹಾಗಾಗಿ ನಮ್ಮ ಹಿರಿಯರು ಒಂದನೇ ಜ್ವರ, ಎರಡನೇ ಜ್ವರ ಅಂದರು. ಲ್ಯಾಂಗರ್‌ಹಾನ್ಸ್‌ಗೆ ದ್ವೀಪ ಕಂಡ ಹಾಗೆ ಇವರಿಗೆ ಜ್ವರ ಕಂಡಿತು.

‘ಹಂಗಾದ್ರೆ ಅದು ಜ್ವರ ಅಲ್ವೇ ಅಲ್ಲ?’

ಅಲ್ಲ ಅಂದೆ.

ಅವರು ಸ್ವಲ್ಪ ಹೊತ್ತು ಯೋಚಿಸಿದರು. ‘ಇರ್ಲಿ ಮೇಡಂ. ಮನೇಲಿ ಹುಳ ನಾಲ್ಕನೇ ಜ್ವರ ಎದ್ದಿವೆ, ಸೊಪ್ಪು ಹಾಕಬೇಕು’ ಅಂತ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟರು.